ಹಿಮ್ಮುಖ ವಲಸೆ (ಹಾವೇರಿ ಜಿಲ್ಲೆ)

ಹಿಮ್ಮುಖ ವಲಸೆ ಎಂದರೆ ಉದ್ಯೋಗಕ್ಕಾಗಿ ಮಹಾನಗರಗಳಿಗೆ ತೆರಳಿದವರು ಜೀವನ ವೆಚ್ಚ ಕಡಿಮೆಯಿರುವ ಪಟ್ಟಣ ಅಥವಾ ಹಳ್ಳಿಗಳಿಗೆ ಹಿಂದಿರುಗಿ ನೆಲೆಸುವುದು. ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗದಲ್ಲಿರುವ ರಾಣೇಬೆನ್ನೂರು, ಬ್ಯಾಡಗಿ ಮತ್ತು ಹಾವೇರಿ ಪಟ್ಟಣಗಳು ಇಂತಹ ವಲಸೆಗೆ ಉದಾಹರಣೆಗಳಾಗಿವೆ.

ಹಿನ್ನೆಲೆ

ಹಾವೇರಿ ಜಿಲ್ಲೆಯು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. 2011ರ ಜನಗಣತಿಯಂತೆ ಜಿಲ್ಲೆಯ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಗ್ರಾಮವಾಸಿಗಳು. ಮಳೆಯಾಶ್ರಿತ ಬೇಸಾಯದ ಅನಿಶ್ಚಿತತೆಯು ದುಡಿಮೆಗಾಗಿ ಊರು ಬಿಡಲು ಒಂದು ಕಾರಣವಾಗಿದೆ.

2020ರ ಮಾರ್ಚ್ 25ರಿಂದ ದೇಶದಾದ್ಯಂತ ಲಾಕ್‌ಡೌನ್ ಜಾರಿಯಾದಾಗ ಬೆಂಗಳೂರಿನ ದಿನಗೂಲಿ ಕಾರ್ಮಿಕರ ಆದಾಯ ನಿಂತಿತು. ಬಾಡಿಗೆ ಹಾಗೂ ಆಹಾರದ ಖರ್ಚು ನಿಲ್ಲಲಿಲ್ಲ. ಮೇ ಮೊದಲ ವಾರದಲ್ಲಿ ರಾಜ್ಯ ಸರ್ಕಾರವು ಊರಿಗೆ ಮರಳುವವರಿಗೆ ಉಚಿತ ಬಸ್ ವ್ಯವಸ್ಥೆ ಮಾಡಿತು.

ವೆಚ್ಚದ ಅಂತರ

ಅಂತರವು ಮುಖ್ಯವಾಗಿ ವಸತಿಯಲ್ಲಿದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯಷ್ಟು ಮುಂಗಡ ಕೇಳುವ ರೂಢಿಯಿದೆ. ಊರಿನಲ್ಲಿ ಸ್ವಂತ ಮನೆಯಿದ್ದವರಿಗೆ ಈ ಹೊರೆಯಿಲ್ಲ. ಕೇಂದ್ರ ಸರ್ಕಾರಿ ನೌಕರರ ಮನೆ ಬಾಡಿಗೆ ಭತ್ಯೆಯೂ ಈ ಅಂತರವನ್ನು ತೋರಿಸುತ್ತದೆ. 2024ರ ಜನವರಿಯಿಂದ ಬೆಂಗಳೂರಿಗೆ ಮೂಲ ವೇತನದ ಶೇ. 30ರಷ್ಟು, ಹಾವೇರಿಯಂತಹ ಸ್ಥಳಗಳಿಗೆ ಶೇ. 10ರಷ್ಟು ಭತ್ಯೆಯಿದೆ. 20,000 ರೂಪಾಯಿ ಮೂಲ ವೇತನಕ್ಕೆ ಇದು ಕ್ರಮವಾಗಿ 6,000 ಮತ್ತು 2,000 ರೂಪಾಯಿ. ಅಡುಗೆ ಅನಿಲ, ಇಂಧನ ಮತ್ತು ಔಷಧಿಗಳ ಬೆಲೆಯಲ್ಲಿ ಇಂತಹ ಅಂತರವಿಲ್ಲ.

ಉದ್ಯೋಗಾವಕಾಶ

ರಾಣೇಬೆನ್ನೂರು ಬೀಜೋತ್ಪಾದನೆ ಹಾಗೂ ಬೀಜ ವ್ಯಾಪಾರಕ್ಕೆ ಹೆಸರಾಗಿದೆ. ಹೈಬ್ರಿಡ್ ಬೀಜದ ಹೊಲಗಳಲ್ಲಿ ಹೂಗಳಿಗೆ ಕೈಯಿಂದ ಪರಾಗಸ್ಪರ್ಶ ಮಾಡಿಸುವ ಕೆಲಸಕ್ಕೆ ಹೆಚ್ಚು ಕೂಲಿಯಾಳುಗಳು ಬೇಕಾಗುತ್ತಾರೆ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಮಾರುಕಟ್ಟೆಯಲ್ಲಿ ಹಮಾಲಿ, ತೊಟ್ಟು ಬಿಡಿಸುವಿಕೆ, ಶೀತಲಗೃಹ ಮತ್ತು ಖಾರದ ಪುಡಿ ತಯಾರಿಕೆಯ ಕೆಲಸಗಳಿವೆ. ಹಾವೇರಿಯಲ್ಲಿ ಜಿಲ್ಲಾ ಕಚೇರಿಗಳನ್ನು ಅವಲಂಬಿಸಿದ ಸೇವೆ ಮತ್ತು ವ್ಯಾಪಾರಗಳಿವೆ.

ಮಿತಿಗಳು

ಕಡಿಮೆ ವೆಚ್ಚದೊಂದಿಗೆ ಆದಾಯವೂ ಕಡಿಮೆಯಾಗುವುದು ಹಿಂದಿರುಗಿದವರ ಮುಖ್ಯ ಸಮಸ್ಯೆ. ರಾಜ್ಯದಲ್ಲಿ 2020–21ರ ನರೇಗಾ ಕೂಲಿ ದಿನಕ್ಕೆ 275 ರೂಪಾಯಿ ಇತ್ತು. ಒಂದು ಕುಟುಂಬಕ್ಕೆ ಖಾತರಿಯಿದ್ದ 100 ದಿನಗಳ ಕೆಲಸ ಪೂರ್ಣವಾಗಿ ದೊರೆತರೂ ವರ್ಷಕ್ಕೆ ಸಿಗುತ್ತಿದ್ದುದು 27,500 ರೂಪಾಯಿ ಮಾತ್ರ. ಮೆಣಸಿನಕಾಯಿ ಮಾರುಕಟ್ಟೆಯ ಕೆಲಸ ಹಂಗಾಮಿಗೆ ಸೀಮಿತ, ಬೆಲೆಯೂ ಅಸ್ಥಿರ. 2024ರ ಮಾರ್ಚ್‌ನಲ್ಲಿ ಬೆಲೆ ಕುಸಿತದಿಂದ ಕೆರಳಿದ ರೈತರ ಪ್ರತಿಭಟನೆ ಬ್ಯಾಡಗಿ ಮಾರುಕಟ್ಟೆಯಲ್ಲಿ ಹಿಂಸಾಚಾರಕ್ಕೆ ತಿರುಗಿತ್ತು. ತಜ್ಞ ಚಿಕಿತ್ಸೆಗಾಗಿ ಅನೇಕರು ಹುಬ್ಬಳ್ಳಿ ಅಥವಾ ದಾವಣಗೆರೆಗೆ ಹೋಗುತ್ತಾರೆ. ಈ ಕಾರಣಗಳಿಂದ ಮರಳಿದವರಲ್ಲಿ ಕೆಲವರು ಪುನಃ ನಗರಕ್ಕೆ ತೆರಳುವುದುಂಟು. ಕುಟುಂಬವನ್ನು ಊರಿನಲ್ಲಿರಿಸಿ ಒಬ್ಬರೇ ನಗರದಲ್ಲಿ ದುಡಿಯುವ ಕ್ರಮವೂ ಇದೆ.