ಮುಚ್ಚಿದ ಬಾಗಿಲು ತೆರೆಸಿದ ವಿದ್ಯಾರ್ಥಿನಿ

ನಮ್ಮ ಮೆಟ್ಟೂರಿನಲ್ಲಿ ಕಾವೇರಿಗೆ ಅಡ್ಡಲಾಗಿ 1925ರಲ್ಲಿ ಆರಂಭವಾದ ಅಣೆಕಟ್ಟಿನ ಕಾಮಗಾರಿ 1934ರಲ್ಲಿ ಮುಗಿಯಿತು. ಹಿರಿಯರು ಆ ಕಾಲವನ್ನು ನೆನೆಯುವುದು ಮುಳುಗಿಹೋದ ಊರುಗಳ ಕಥೆಯಾಗಿ. ಅದೇ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಒಬ್ಬ ತರುಣಿ ಕಲ್ಲುಗಾರೆಯಿಲ್ಲದ ಬೇರೊಂದು ಕಟ್ಟೆಯನ್ನು ದಾಟಲು ಹೆಣಗುತ್ತಿದ್ದರು. ಶತಮಾನೋತ್ಸವದ ಈ ಸಂದರ್ಭದಲ್ಲಿ ನಮ್ಮ ವಿದ್ಯಾರ್ಥಿನಿಯರು ಆ ಚರಿತ್ರೆಯನ್ನೂ ಅರಿಯಬೇಕೆಂಬುದು ನನ್ನ ಆಶಯ.

ಆ ತರುಣಿಯೇ ಕಮಲಾ ಭಾಗವತ್, ಮುಂದೆ ಕಮಲಾ ಸೋಹೊನಿ. ಅವರ ತಂದೆ ಮತ್ತು ಚಿಕ್ಕಪ್ಪ ಇಬ್ಬರೂ ಬೆಂಗಳೂರಿನ ಟಾಟಾ ವಿಜ್ಞಾನ ಮಂದಿರದಲ್ಲಿ ಕಲಿತ ರಸಾಯನಶಾಸ್ತ್ರಜ್ಞರು. ಕಮಲಾ 1933ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಬಿ.ಎಸ್ಸಿ. ಪದವಿ ಪಡೆದು ಅದೇ ಸಂಸ್ಥೆಗೆ ಸಂಶೋಧನೆಗಾಗಿ ಅರ್ಜಿ ಸಲ್ಲಿಸಿದರು. ಅಂಕಗಳಲ್ಲಿ ಕೊರತೆಯಿರಲಿಲ್ಲ. ಆದರೂ ನಿರ್ದೇಶಕರಾಗಿದ್ದ ಸರ್ ಸಿ.ವಿ. ರಾಮನ್ ಅವರು ಹೆಣ್ಣೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸಿದರು.

ಕಮಲಾ ಹಿಂದಿರುಗಲಿಲ್ಲ. ಸತ್ಯಾಗ್ರಹದ ಮಾರ್ಗ ಹಿಡಿದು ಪಟ್ಟುಬಿಡದೆ ಕೇಳಿದರು. ಕೊನೆಗೆ ಒಂದು ವರ್ಷದ ಪರೀಕ್ಷಾವಧಿಯ ಷರತ್ತಿನ ಮೇಲೆ ಪ್ರವೇಶ ದೊರೆಯಿತು. ಇಲ್ಲಿ ಸ್ಮರಿಸಬೇಕಾದವರು ಅವರ ಮಾರ್ಗದರ್ಶಕ ಎಂ. ಶ್ರೀನಿವಾಸಯ್ಯನವರು. ಶಿಸ್ತಿನಲ್ಲಿ ಕಠಿಣರಾದರೂ ಶಿಷ್ಯೆಯ ಸಾಮರ್ಥ್ಯವನ್ನು ಗುರುತಿಸಿದ ಗುರುಗಳು. ಹಾಲು, ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ಕಮಲಾ ನಡೆಸಿದ ಕೆಲಸ ವರ್ಷ ತುಂಬುವಷ್ಟರಲ್ಲಿ ರಾಮನ್ ಅವರ ಮನಸ್ಸನ್ನೂ ಬದಲಿಸಿತು. ಮುಂದೆ ಆ ಸಂಸ್ಥೆಯ ಬಾಗಿಲು ಇತರ ಹೆಣ್ಣುಮಕ್ಕಳಿಗೂ ತೆರೆಯಿತು. 1940ರಲ್ಲಿ ಅನ್ನಾ ಮಣಿ ರಾಮನ್ ಅವರ ಪ್ರಯೋಗಾಲಯವನ್ನೇ ಸೇರಿದರು.

ಎಂ.ಎಸ್ಸಿ. ಮುಗಿಸಿ ಕಮಲಾ ಇಂಗ್ಲೆಂಡಿನ ಕೇಂಬ್ರಿಜ್‌ಗೆ ತೆರಳಿದರು. ಅಲ್ಲಿ ನೊಬೆಲ್ ಪುರಸ್ಕೃತ ಹಾಪ್‌ಕಿನ್ಸ್ ಅವರ ಪ್ರಯೋಗಾಲಯದಲ್ಲಿ ಸ್ಥಳವಿರಲಿಲ್ಲ. ಡೆರೆಕ್ ರಿಕ್ಟರ್ ಎಂಬ ವಿಜ್ಞಾನಿ ತಮ್ಮ ಮೇಜನ್ನು ಹಗಲಿನಲ್ಲಿ ಅವರಿಗೆ ಬಿಟ್ಟುಕೊಟ್ಟರು. ಸಸ್ಯಕೋಶಗಳ ಉಸಿರಾಟದಲ್ಲಿ ‘ಸೈಟೊಕ್ರೋಮ್ ಸಿ’ಯ ಪಾತ್ರವನ್ನು ತೋರಿಸಿದ ಅವರ ಪ್ರಬಂಧ ಸುಮಾರು 40 ಪುಟಗಳದು. ಅದಕ್ಕೆ 1939ರಲ್ಲಿ ಪಿಎಚ್.ಡಿ. ಲಭಿಸಿತು. ವಿಜ್ಞಾನದಲ್ಲಿ ಆ ಪದವಿ ಪಡೆದ ಮೊದಲ ಭಾರತೀಯ ಮಹಿಳೆಯೆಂದು ಅವರನ್ನು ಗುರುತಿಸಲಾಗುತ್ತದೆ.

ಸ್ವದೇಶಕ್ಕೆ ಮರಳಿ ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥೆಯಾದರು. ಬಳಿಕ ನಮ್ಮ ನೆರೆಯ ನೀಲಗಿರಿಯ ಕೂನೂರಿನ ಪೋಷಣಾ ಸಂಶೋಧನಾಲಯದಲ್ಲಿ ದುಡಿದರು. 1947ರ ವಿವಾಹಾನಂತರ ಮುಂಬಯಿಯ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಪ್ರಾಧ್ಯಾಪಕಿಯಾಗಿ, ನಿರ್ದೇಶಕಿಯಾಗಿ ಸೇವೆ ಸಲ್ಲಿಸಿದರು. ಬಡವರ ಆಹಾರವೇ ಅವರ ಸಂಶೋಧನೆಯ ವಸ್ತು. ನೀರಾದಲ್ಲಿರುವ ಪೌಷ್ಟಿಕಾಂಶಗಳ ಅಧ್ಯಯನಕ್ಕೆ ರಾಷ್ಟ್ರಪತಿ ಪ್ರಶಸ್ತಿ ಸಂದಿತು. 1998ರಲ್ಲಿ ಅವರು ನಿಧನರಾದರು.

ಎಲ್ಲರ ಯತ್ನವೂ ಹೀಗೆ ಫಲಿಸಲಿಲ್ಲ. ಅನ್ನಾ ಮಣಿಯವರು 1945ರಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯಕ್ಕೆ ಪ್ರಬಂಧ ಸಲ್ಲಿಸಿದರೂ ಎಂ.ಎಸ್ಸಿ. ಪದವಿ ಇಲ್ಲವೆಂದು ಅವರಿಗೆ ಡಾಕ್ಟರೇಟ್ ದೊರೆಯಲಿಲ್ಲ. ಆದರೂ ಹವಾಮಾನ ವಿಜ್ಞಾನದಲ್ಲಿ ಅವರ ಹೆಸರು ಉಳಿದಿದೆ.

ಹತ್ತನೆಯ ತರಗತಿ ಮುಗಿದೊಡನೆ ಓದು ಸಾಕೆನಿಸಿಕೊಂಡ ಜಾಣ ಹುಡುಗಿಯರನ್ನು ನನ್ನ ಸೇವಾವಧಿಯಲ್ಲಿ ಬಹಳ ಕಂಡಿದ್ದೇನೆ. ಕೆಲವರ ಮನೆಗೆ ಹೋಗಿ ಹೆತ್ತವರನ್ನು ಒಪ್ಪಿಸಿದ್ದೂ ಉಂಟು, ಸೋತು ಹಿಂದಿರುಗಿದ್ದೂ ಉಂಟು. ಗಡಿನಾಡಿನಲ್ಲಿ ಕನ್ನಡದಲ್ಲಿ ಓದಿದ ಮಗುವಿಗೆ ಅಳುಕು ಇನ್ನೂ ಒಂದು ಪಾಲು ಹೆಚ್ಚು. ಮಕ್ಕಳೇ, ಅರ್ಜಿ ತಿರಸ್ಕೃತವಾದರೆ ಕಾರಣ ಕೇಳಿರಿ, ಮತ್ತೆ ಬರೆಯಿರಿ. ಸಹೋದ್ಯೋಗಿಗಳೇ, ಶ್ರೀನಿವಾಸಯ್ಯನವರಂತೆ ಬಾಗಿಲ ಒಳಗಿನಿಂದ ಕೈ ನೀಡುವ ಹೊಣೆ ನಮ್ಮದು.