ಹ್ಯಾಮೈಸಿನ್

ಬಾಯಿಯ ಕ್ಯಾಂಡಿಡಾ ಸೋಂಕಿಗೆ (ಬಾಯಿಯೊಳಗೆ ಬಿಳಿ ಪೊರೆ ಕಟ್ಟುವ ಕಾಯಿಲೆ) ಲೇಪನವಾಗಿ ಬಳಕೆಗೆ ಬಂದ, ಪಾಲಿಯೀನ್ ವರ್ಗದ ಶಿಲೀಂಧ್ರನಾಶಕ. ಪುಣೆಯ ಪಿಂಪ್ರಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಸಂಸ್ಥೆಯಲ್ಲಿ ಎಂ. ಜೆ. ತಿರುಮಲಾಚಾರ್ ಮತ್ತು ಸಹೋದ್ಯೋಗಿಗಳು ಇದನ್ನು ಬೇರ್ಪಡಿಸಿ 1961ರಲ್ಲಿ ಪ್ರಕಟಿಸಿದರು. ಇದನ್ನು ಉತ್ಪಾದಿಸುವ ಮಣ್ಣಿನ ಸೂಕ್ಷ್ಮಜೀವಿ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ; ಊರಿನ ಹೆಸರೇ ಪ್ರಭೇದಕ್ಕೂ ಸಂದಿದೆ.

ಶಿಲೀಂಧ್ರದ ಕೋಶಪೊರೆಯಲ್ಲಿರುವ ಎರ್ಗೊಸ್ಟೆರಾಲ್‌ಗೆ ಅಂಟಿಕೊಂಡು ಪೊರೆಯನ್ನು ಕೆಡಿಸುವುದು ಪಾಲಿಯೀನ್‌ಗಳ ಕ್ರಮ. ಬಾಯಿಯ ಬ್ಯಾಕ್ಟೀರಿಯಾಗಳ ಪೊರೆಯಲ್ಲಿ ಈ ಸ್ಟೆರಾಲ್ ಇಲ್ಲದ ಕಾರಣ ಅವು ನೇರವಾಗಿ ಸಾಯುವುದಿಲ್ಲ. ಪರೋಕ್ಷ ಪರಿಣಾಮ ಬೇರೆ: ಸ್ಟ್ರೆಪ್ಟೊಕಾಕಸ್‌ಗಳು ಕ್ಯಾಂಡಿಡಾದ ಎಳೆಗಳಿಗೆ ಅಂಟಿ ಬೆಳೆಯುತ್ತವೆ, ಶಿಲೀಂಧ್ರವು ಆಮ್ಲಜನಕವನ್ನು ಹೀರಿಕೊಳ್ಳುವುದರಿಂದ ಗಾಳಿ ಸಹಿಸದ ಬ್ಯಾಕ್ಟೀರಿಯಾಗಳಿಗೂ ನೆಲೆ ಸಿಗುತ್ತದೆ. ಶಿಲೀಂಧ್ರ ತಗ್ಗಿದಾಗ ಈ ಆಸರೆಯೂ ತಗ್ಗುತ್ತದೆ. ಬಾಯಿಗೆ ಹಚ್ಚುವ ಎಲ್ಲ ಔಷಧಗಳೂ ಇಷ್ಟು ಆಯ್ದು ಕೊಲ್ಲುವುದಿಲ್ಲ. ಮೈಕೊನಾಜೋಲ್ ಕೆಲವು ಗ್ರಾಮ್-ಧನ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. ಜೆನ್ಷನ್ ವಯೊಲೆಟ್ ಹಾಗೂ ಕ್ಲೋರ್‌ಹೆಕ್ಸಿಡಿನ್ ಶಿಲೀಂಧ್ರ, ಬ್ಯಾಕ್ಟೀರಿಯಾ ಎರಡನ್ನೂ ಹೊಡೆಯುತ್ತವೆ. ಇದೇ ಪಾಲಿಯೀನ್ ವರ್ಗದ ನಿಸ್ಟಾಟಿನ್ ಬ್ಯಾಕ್ಟೀರಿಯಾಗಳನ್ನು ಕೊಲ್ಲದಿದ್ದರೂ, ಅದರ ಕೆಲವು ದ್ರಾವಣಗಳಲ್ಲಿ ರುಚಿಗೆ ಬೆರೆಸುವ ಸಕ್ಕರೆ ಹಲ್ಲುಹುಳುಕಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ.