ರಾಬರ್ಟೊ ಕ್ಲೆಮೆಂಟೆ: ಮೈದಾನದಿಂದ ಮಾನವಸೇವೆಗೆ

ಕ್ರಿಕೆಟ್ಟನ್ನು ಬಲ್ಲ ನಮಗೆ ಬೇಸ್‌ಬಾಲ್ ಅಷ್ಟಾಗಿ ಪರಿಚಿತವಲ್ಲ. ಆದರೂ ಆ ಆಟದ ಔಟ್‌ಫೀಲ್ಡರನ ಕೆಲಸವನ್ನು ಊಹಿಸುವುದು ಕಷ್ಟವಲ್ಲ. ಬೌಂಡರಿಯ ಸಮೀಪ ಒಂಟಿಯಾಗಿ ನಿಂತು, ದೂರಕ್ಕೆ ಹಾರಿಬಂದ ಚೆಂಡನ್ನು ಹಿಡಿದು, ಎದುರಾಳಿ ನೆಲೆ ಮುಟ್ಟುವ ಮುನ್ನವೇ ಗುರಿತಪ್ಪದೆ ಎಸೆಯಬೇಕಾದವನು ಆತ. ಈ ಸ್ಥಾನದಲ್ಲಿ ಹದಿನೆಂಟು ಋತುಗಳ ಕಾಲ ಆಡಿದ ರಾಬರ್ಟೊ ಕ್ಲೆಮೆಂಟೆಯವರ ಬದುಕು ಕ್ರೀಡಾಪ್ರೇಮಿಗಳಿಗಷ್ಟೇ ಸೇರಿದ್ದಲ್ಲ.

ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪದ ಕರೋಲಿನಾ ಎಂಬಲ್ಲಿ 1934ರ ಆಗಸ್ಟ್ 18ರಂದು ಅವರು ಜನಿಸಿದರು. ತಂದೆ ಕಬ್ಬಿನ ಗದ್ದೆಗಳಲ್ಲಿ ಮೇಸ್ತ್ರಿ. 1952ರಲ್ಲಿ ಸ್ಥಳೀಯ ಸಾಂಟುರ್ಸೆ ತಂಡದ ಮೂಲಕ ವೃತ್ತಿಜೀವನ ಆರಂಭವಾಯಿತು. 1954ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ಸಂಸ್ಥೆ ಅವರನ್ನು ಸೇರಿಸಿಕೊಂಡು ತನ್ನ ಮಾಂಟ್ರಿಯಲ್ ತಂಡಕ್ಕೆ ಕಳುಹಿಸಿತು. ಅಲ್ಲಿ ಆಡಲು ಸಿಕ್ಕ ಅವಕಾಶ ಅತ್ಯಲ್ಪ. ಅದೇ ವರ್ಷದ ಕೊನೆಯಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಅವರನ್ನು ಆರಿಸಿಕೊಂಡಿತು. ಬದುಕಿನ ಕೊನೆಯವರೆಗೂ ಅದೇ ಅವರ ತಂಡವಾಯಿತು.

ದಾರಿ ಸುಗಮವಾಗಿರಲಿಲ್ಲ. ಫ್ಲಾರಿಡಾದ ವಸಂತಕಾಲದ ತರಬೇತಿಯಲ್ಲಿ ಕಪ್ಪುವರ್ಣದ ಆಟಗಾರರಿಗೆ ಬಿಳಿಯರ ಹೋಟೆಲುಗಳಲ್ಲಿ ಪ್ರವೇಶವಿರಲಿಲ್ಲ. ಸ್ಪ್ಯಾನಿಷ್ ಮಾತೃಭಾಷೆಯ ಅವರ ಇಂಗ್ಲಿಷ್ ಉಚ್ಚಾರಣೆಯನ್ನು ಪತ್ರಿಕೆಗಳು ಅಕ್ಷರಶಃ ಅಚ್ಚುಮಾಡಿ ಅಣಕಿಸಿದವು. ಅವರು ಈ ಅವಮಾನಗಳನ್ನು ಮೌನವಾಗಿ ನುಂಗಿಕೊಳ್ಳಲಿಲ್ಲ. ತಮ್ಮ ಜನರ ಗೌರವಕ್ಕಾಗಿ ಬಹಿರಂಗವಾಗಿಯೇ ಮಾತನಾಡಿದರು.

ನಾಲ್ಕು ಬಾರಿ ಲೀಗಿನ ಅತ್ಯುತ್ತಮ ಬ್ಯಾಟಿಂಗ್ ಸರಾಸರಿ, 1966ರಲ್ಲಿ ಅತ್ಯಮೂಲ್ಯ ಆಟಗಾರನೆಂಬ ಪ್ರಶಸ್ತಿ, ಕ್ಷೇತ್ರರಕ್ಷಣೆಗಾಗಿ 12 'ಗೋಲ್ಡ್ ಗ್ಲವ್'ಗಳು ಅವರದಾದವು. 1971ರಲ್ಲಿ ವಿಶ್ವ ಸರಣಿ ಗೆದ್ದು ದೂರದರ್ಶನದ ಮುಂದೆ ನಿಂತಾಗ ಅವರು ಮೊದಲು ಸ್ಪ್ಯಾನಿಷಿನಲ್ಲಿ ಮಾತನಾಡಿ ತಂದೆತಾಯಿಯರ ಆಶೀರ್ವಾದ ಬೇಡಿದರು. ಅಣಕಕ್ಕೊಳಗಾದ ನಾಲಿಗೆ ಅಂದು ಇಡೀ ಅಮೆರಿಕಕ್ಕೆ ಕೇಳಿಸಿತು.

1972ರ ಸೆಪ್ಟೆಂಬರ್ 30ರಂದು ಅವರು ತಮ್ಮ 3,000ನೆಯ ಹಿಟ್ ಬಾರಿಸಿದರು. ಲೀಗ್ ಪಂದ್ಯಗಳಲ್ಲಿ ಅದೇ ಕೊನೆಯದಾಯಿತು. ಡಿಸೆಂಬರ್ 23ರಂದು ನಿಕರಾಗುವಾದ ರಾಜಧಾನಿ ಮನಾಗುವಾ ಭೂಕಂಪದಿಂದ ನೆಲಸಮವಾಗಿ ಸಾವಿರಾರು ಮಂದಿ ಮಡಿದರು. ಕೆಲವೇ ವಾರಗಳ ಹಿಂದೆ ಪೋರ್ಟೊ ರಿಕೊ ತಂಡದೊಂದಿಗೆ ಅಲ್ಲಿ ತಂಗಿದ್ದ ಕ್ಲೆಮೆಂಟೆ ಕ್ರಿಸ್ಮಸ್ ರಜೆಯನ್ನು ಬದಿಗಿಟ್ಟು ಪರಿಹಾರ ಸಾಮಗ್ರಿ ಸಂಗ್ರಹಿಸಿ ಕಳುಹಿಸಿದರು. ಆದರೆ ಅದನ್ನು ಸರ್ವಾಧಿಕಾರಿ ಸೊಮೊಸಾನ ಸೈನಿಕರು ಕಬಳಿಸುತ್ತಿರುವರೆಂಬ ಸುದ್ದಿ ಬಂದಿತು. ತಾನೇ ಜೊತೆಗಿದ್ದರೆ ಯಾರೂ ಕದಿಯಲಾರರೆಂದು ನಂಬಿ, ಪತ್ನಿ ವೇರಾ ಹಾಗೂ ಮೂವರು ಪುಟ್ಟ ಮಕ್ಕಳನ್ನು ಬಿಟ್ಟು ಡಿಸೆಂಬರ್ 31ರ ರಾತ್ರಿ ಅವರು ವಿಮಾನವೇರಿದರು. ಅದು ಮೇಲೇರಿದ ಸ್ವಲ್ಪ ಹೊತ್ತಿನಲ್ಲೇ ಸಮುದ್ರಕ್ಕೆ ಬಿದ್ದಿತು. ಐವರೂ ಅಸುನೀಗಿದರು. ಸಹ ಆಟಗಾರ ಮ್ಯಾನಿ ಸ್ಯಾಂಗಿಯನ್ ಸ್ವತಃ ಕಡಲಿಗಿಳಿದು ಹುಡುಕಿದರೂ ಕ್ಲೆಮೆಂಟೆಯವರ ದೇಹ ಸಿಗಲೇ ಇಲ್ಲ. ಐದು ವರ್ಷ ಕಾಯಬೇಕೆಂಬ ನಿಯಮವನ್ನು ಸಡಿಲಿಸಿ 1973ರಲ್ಲೇ ಅವರನ್ನು 'ಹಾಲ್ ಆಫ್ ಫೇಮ್'ಗೆ ಸೇರಿಸಲಾಯಿತು.

ಈ ಸಾವನ್ನು ಕೇವಲ ವೈಭವೀಕರಿಸುವುದು ಸರಿಯಲ್ಲ. ವಿಮಾನದಲ್ಲಿ ಮಿತಿಮೀರಿದ ಭಾರವಿತ್ತು. ಅದೇ ತಿಂಗಳ ಆರಂಭದಲ್ಲಿ ಅದು ಒಮ್ಮೆ ಅಪಘಾತಕ್ಕೀಡಾಗಿತ್ತು. ವಿವೇಕವೂ ಒಂದು ಸದ್ಗುಣವೆಂದು ಧರ್ಮಸಭೆ ಬೋಧಿಸುತ್ತದೆ. ಇತರರ ಅಜಾಗರೂಕತೆಯ ಬೆಲೆಯನ್ನು ಮೂವರು ಮಕ್ಕಳು ತೆತ್ತರೆಂಬುದನ್ನು ನಾವು ಮರೆಯಬಾರದು.

ಆದರೂ ಅವರನ್ನು ವಿಮಾನಕ್ಕೆ ಹತ್ತಿಸಿದ ಪ್ರಶ್ನೆ ನಮ್ಮದೂ ಹೌದು. ಸಾಮತಿಯ ಸಮಾರಿಯದವನು ಗಾಯಾಳುವನ್ನು ಛತ್ರಕ್ಕೆ ಸೇರಿಸಿ, ಹಣ ಕೊಟ್ಟು, ಅಷ್ಟಕ್ಕೇ ನಿಲ್ಲಲಿಲ್ಲ. ಹಿಂದಿರುಗಿ ಬರುವೆನೆಂದೂ ಮಾತುಕೊಟ್ಟ. ನೆರೆಯೋ ಬರವೋ ಬಂದಾಗ ನಾವು ಕಾಣಿಕೆ ಡಬ್ಬಿಗೆ ಹಣ ಹಾಕುತ್ತೇವೆ. ಆ ಹಣ ಹಸಿದವರ ಕೈ ಸೇರಿತೇ ಎಂದು ಆಮೇಲೆ ಎಷ್ಟು ಮಂದಿ ವಿಚಾರಿಸುತ್ತೇವೆ? ದೂರದಿಂದ ಎಸೆದ ಚೆಂಡು ಸೇರಬೇಕಾದ ಕೈಯನ್ನೇ ಸೇರಬೇಕೆಂದು ಜೀವನವಿಡೀ ಶ್ರಮಿಸಿದ ಆಟಗಾರ, ಕೊಟ್ಟ ಕಾಣಿಕೆಯ ಬಗ್ಗೆಯೂ ಅದೇ ಹಠ ಹಿಡಿದರು.